ಮಂದೀ ಬಂದಾಗ ಮಂದಿ ಹೋಗುತ್ತಾರೆ: ಪುಣೆಯಲ್ಲಿ ಕೆಲಸದ ಹವಾಮಾನ ಓದುವ ಬಗೆ

2008ರ ನವೆಂಬರ್. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಮಶಿನ್ ಶಾಪ್‌ನಲ್ಲಿ ನಾನು ಟ್ರೇನಿ. ಬಿಜಾಪುರದಲ್ಲಿ ಡಿಪ್ಲೊಮಾ ಮುಗಿಸಿ (ಊರಿಗೆ ವಿಜಯಪುರ ಅಂತ ಹೆಸರು ಬಂದದ್ದು ಆಮೇಲೆ) ಪುಣೆಗೆ ಬಂದು ಐದು ತಿಂಗಳಾಗಿತ್ತು. ಮರಾಠಿ ಅಷ್ಟಕ್ಕಷ್ಟೇ. ಒಂದು ಬೆಳಿಗ್ಗೆ ಸೂಪರ್‌ವೈಸರ್ ನನ್ನ ಹತ್ತಿರ ಬಂದು, "ಮಂದೀ ಆಲೀ ರೇ" ಅಂದರು. ನಾನು ಗೇಟಿನ ಕಡೆ ತಿರುಗಿ ನೋಡಿದೆ. ಯಾರೂ ಬಂದಿರಲಿಲ್ಲ. ನಮ್ಮ ಕಡೆ ಮಂದಿ ಅಂದರೆ ಜನ ಅಲ್ವಾ? ಮರಾಠಿಯಲ್ಲಿ ಅದೇ ಪದಕ್ಕೆ ಧಂದೆ ಬಿದ್ದುಹೋಗುವುದು ಅಂತ ಅರ್ಥ. ಆ ವಾರವೇ ಮೂರನೇ ಶಿಫ್ಟ್ ಬಂದ್ ಆಯಿತು. ಡಿಸೆಂಬರ್ ಮುಗಿಯುವಷ್ಟರಲ್ಲಿ ನನ್ನ ಜೊತೆ ಸೇರಿದ ಒಂಬತ್ತು ಟ್ರೇನಿಗಳಲ್ಲಿ ನಾಲ್ಕು ಜನ ಉಳಿದಿದ್ದೆವು.

ಆಮೇಲೆ ನಾನು ಪ್ಲಾನಿಂಗ್ ವಿಭಾಗಕ್ಕೆ ಬಂದೆ. ಯಾವ ದಿನ ಎಷ್ಟು ಪಾರ್ಟ್ ಮಾಡಬೇಕು ಅಂತ ಲೆಕ್ಕ ಹಾಕುವ ಕೆಲಸ. 2019 ನೋಡಿದೆ, 2020 ನೋಡಿದೆ. ಊರಿಂದ ಹೊಸದಾಗಿ ಬರುವ ಹುಡುಗರು "ಅಣ್ಣಾ, ಯಾವ ಲೈನ್ ಸೇಫ್?" ಅಂತ ಕೇಳುತ್ತಾರೆ. ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಯಾರು ಬೇಕಾದರೂ ಮನೆಯಲ್ಲಿ ಕೂತು ಮಾಡಬಹುದಾದ ಲೆಕ್ಕ ಒಂದಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಪೇಪರಿನಲ್ಲಿ ಬರುವ ಆರ್ಥಿಕ ಹಿಂಜರಿತವೇ ಬೇರೆ, ನಮ್ಮ ಹಿಂಜರಿತವೇ ಬೇರೆ. 1979-80ರಲ್ಲಿ ಬರ ಮತ್ತು ತೈಲದ ಬೆಲೆಯಿಂದ ದೇಶದ ಜಿಡಿಪಿ ಕುಸಿಯಿತು. ಅದಾದ ಮೇಲೆ ಇಡೀ ವರ್ಷದ ಲೆಕ್ಕದಲ್ಲಿ ಜಿಡಿಪಿ ಮತ್ತೆ ಕೆಳಗಿಳಿದದ್ದು 2020-21ರಲ್ಲೇ. ನಡುವಿನ ನಲವತ್ತು ವರ್ಷ ದೇಶ ಪ್ರತಿ ವರ್ಷ ಒಂದಷ್ಟು ಬೆಳೆದಿದೆ. 2008-09ರಲ್ಲೂ ಬೆಳೆದಿದೆ! ಹಾಗಾದರೆ ಬ್ಯಾಗು ಹೊತ್ತು ಬಿಜಾಪುರದ ಬಸ್ಸು ಹತ್ತಿದ ಆ ಐದು ಜನ ಯಾವ ಲೆಕ್ಕಕ್ಕೆ? ಪ್ರತಿ ಕಸುಬಿಗೂ ಅದರದ್ದೇ ಮಳೆಗಾಲ, ಅದರದ್ದೇ ಬರಗಾಲ ಇರುತ್ತದೆ. ಪಕ್ಕದ ಹೊಲದಲ್ಲಿ ಮಳೆ ಆದರೆ ನಮ್ಮ ಹೊಲ ನೆನೆಯುವುದಿಲ್ಲ.

ಮೊದಲ ಹೆಜ್ಜೆ: ದುಡ್ಡು ಹೊರಡುವ ಜಾಗ ಹುಡುಕಿ

ಒಂದು ಹಾಳೆ ತಗೊಳ್ಳಿ. ಮೇಲೆ ನಿಮ್ಮ ಕಂಪನಿ ಹೆಸರು ಬರೆಯಿರಿ. ಅದರ ಕೆಳಗೆ, ಆ ಕಂಪನಿಗೆ ದುಡ್ಡು ಕೊಡುವವರು ಯಾರು ಅಂತ ಬರೆಯಿರಿ. ಅವರಿಗೆ ಯಾರು ಕೊಡುತ್ತಾರೆ? ಹೀಗೆ ಇಳಿಯುತ್ತಾ ಹೋಗಿ. ತನ್ನ ಜೇಬಿನಿಂದ ದುಡ್ಡು ತೆಗೆಯುವ ಒಬ್ಬ ಮನುಷ್ಯನೋ ಸರ್ಕಾರವೋ ಸಿಗುವವರೆಗೆ ನಿಲ್ಲಿಸಬೇಡಿ.

ನನ್ನ ಹಾಳೆ ಹೀಗಿದೆ. ನಮ್ಮ ಶಾಪ್ ಪಾರ್ಟ್ ಕೊಡುವುದು ಆಕ್ಸಲ್ ಮಾಡುವ ಕಂಪನಿಗೆ. ಅದು ಕೊಡುವುದು ಲಾರಿ ಕಂಪನಿಗೆ. ಲಾರಿ ಕೊಳ್ಳುವವನು ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಕೂತ ಮಾಲೀಕ. ಅವನಿಗೆ ಬಾಡಿಗೆ ಕೊಡುವವರು ಸಿಮೆಂಟ್, ಉಕ್ಕು, ಈರುಳ್ಳಿ ಸಾಗಿಸುವವರು. ಅಂದರೆ ನನ್ನ ಸಂಬಳ ಕೊನೆಗೆ ನಿಂತಿರುವುದು ರಸ್ತೆಯ ಮೇಲೆ ಎಷ್ಟು ಮಾಲು ಓಡಾಡುತ್ತದೆ ಅನ್ನುವುದರ ಮೇಲೆ.

ನನ್ನ ತಂಗಿ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ಅವಳ ಹಾಳೆ ಮೂರೇ ಸಾಲಿನಲ್ಲಿ ಅಮೆರಿಕಕ್ಕೆ ಹೋಗಿ ಮುಟ್ಟಿತು. ಅವಳ ಕಂಪನಿ, ಅಲ್ಲಿಯ ಇನ್ಶೂರೆನ್ಸ್ ಕಂಪನಿ, ಅದರ ಪಾಲಿಸಿ ತಗೊಂಡ ಅಲ್ಲಿಯ ಮನೆಯವರು. ಅವಳ ಕೆಲಸಕ್ಕೂ ಪುಣೆಯ ಬಜಾರಿಗೂ ಸಂಬಂಧವೇ ಇಲ್ಲ. ಹಾಳೆ ನೋಡಿ ಅವಳೇ ನಕ್ಕಳು. "ಹಂಗಾದ್ರ ನಾ ಇಲ್ಲಿ ಟ್ರಾಫಿಕ್‌ನ್ಯಾಗ ಯಾಕ ಸಾಯಾಕತ್ತೀನಿ ಅಣ್ಣಾ?"

ಇನ್ನೊಂದು ನೋಡಿ. ನಮ್ಮ ಬಿಲ್ಡಿಂಗಿನಲ್ಲಿ ಕಲಬುರ್ಗಿ ಕಡೆಯ ಇಬ್ಬರು ಸೆಕ್ಯೂರಿಟಿ ಗಾರ್ಡ್‌ಗಳಿದ್ದಾರೆ. ಇಬ್ಬರದ್ದೂ ಒಂದೇ ಏಜೆನ್ಸಿ, ಒಂದೇ ಬಟ್ಟೆ, ಒಂದೇ ಪಗಾರ. ಒಬ್ಬನ ಡ್ಯೂಟಿ ಐಟಿ ಪಾರ್ಕಿನಲ್ಲಿ, ಇನ್ನೊಬ್ಬನದ್ದು ಆಸ್ಪತ್ರೆಯಲ್ಲಿ. 2020ರಲ್ಲಿ ಐಟಿಯವರು ಮನೆಯಿಂದ ಕೆಲಸ ಶುರು ಮಾಡಿದರು. ಮೊದಲನೆಯವನಿಗೆ ಕಾಯಲು ಏನೂ ಉಳಿಯಲಿಲ್ಲ. ಎರಡನೆಯವನು ರಜೆ ಸಿಗದೆ ಒದ್ದಾಡಿದ. ಹಾಗಾಗಿ ನಿಮ್ಮ ಹುದ್ದೆ ಏನು ಅನ್ನುವುದಕ್ಕಿಂತ ನೀವು ಯಾರ ಗೇಟಿನಲ್ಲಿ ನಿಂತಿದ್ದೀರಿ ಅಂತ ಮೊದಲು ನೋಡಿ.

ಎರಡನೆಯದು: ಅವನು ಎಷ್ಟು ದಿನ ತಡೆದುಕೊಳ್ಳಬಲ್ಲ?

ಹಾಳೆಯ ಕೊನೆಯಲ್ಲಿ ಸಿಕ್ಕ ಮನುಷ್ಯನನ್ನು ಒಂದೇ ಪ್ರಶ್ನೆ ಕೇಳಬೇಕು. ಈ ಖರ್ಚನ್ನು ಮುಂದಕ್ಕೆ ಹಾಕಲು ನಿನ್ನಿಂದ ಆಗುತ್ತಾ? ಎಷ್ಟು ದಿನ?

ಹಾಲು, ಉಪ್ಪು, ಬಿಪಿ ಮಾತ್ರೆ: ಒಂದು ದಿನವೂ ಆಗುವುದಿಲ್ಲ. ಕರೆಂಟ್ ಬಿಲ್, ಮಕ್ಕಳ ಫೀ: ಅತ್ತುಕೊಂಡಾದರೂ ಕಟ್ಟುತ್ತಾರೆ. ಬಟ್ಟೆ: ಒಂದು ಹಬ್ಬ ಬಿಡಬಹುದು. ಹೊಸ ಬೈಕು, ಗೋವಾ ಟ್ರಿಪ್: ಬರುವ ವರ್ಷ ನೋಡೋಣ. ಫ್ಲ್ಯಾಟ್, ಕಾರು, ಕಾರ್ಖಾನೆಗೆ ಹೊಸ ಮಶಿನ್: ಮೂರು ವರ್ಷವೂ ತಳ್ಳಬಹುದು. ಎಷ್ಟು ದೂರ ತಳ್ಳಬಹುದೋ ಆ ಲೈನಿನ ಕೆಲಸ ಅಷ್ಟೇ ಜೋರಾಗಿ ಏಳುತ್ತದೆ, ಅಷ್ಟೇ ಜೋರಾಗಿ ಬೀಳುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಲಾರಿ ಲೆಕ್ಕ ಮಾಡೋಣ. ನಾನು ಹೊಸ ಹುಡುಗರಿಗೆ ಯಾವಾಗಲೂ ಹೇಳಿಕೊಡುವುದು ಇದನ್ನೇ.

ಒಬ್ಬ ಮಾಲೀಕನ ಹತ್ತಿರ 10 ಲಾರಿ ಇವೆ. ಲಾರಿ 10 ವರ್ಷ ಓಡುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾಗಿ ಪ್ರತಿ ವರ್ಷ ಹಳೆಯದು 1 ಹೋಗುತ್ತದೆ, ಹೊಸದು 1 ಬರುತ್ತದೆ. ಈ ವರ್ಷ ಧಂದೆ ಚೆನ್ನಾಗಿದೆ, ಸಾಗಿಸುವ ಮಾಲು 10 ಪರ್ಸೆಂಟ್ ಜಾಸ್ತಿ ಆಯಿತು. ಅವನಿಗೆ 11 ಲಾರಿ ಬೇಕು. ಹಳೆಯದರ ಬದಲು 1, ಹೆಚ್ಚಿನದು 1, ಒಟ್ಟು 2 ಕೊಳ್ಳುತ್ತಾನೆ. ಮಾಲು ಅಷ್ಟೇ ಉಳಿದಿದ್ದರೆ 1 ಕೊಳ್ಳುತ್ತಿದ್ದ. ಮಾಲು 10 ಪರ್ಸೆಂಟ್ ಕಡಿಮೆಯಾಗಿದ್ದರೆ 9 ಲಾರಿ ಸಾಕು. ಹಳೆಯದನ್ನು ಗುಜರಿಗೆ ಹಾಕಿ ಸುಮ್ನೆ ಕೂರುತ್ತಾನೆ. ಹೊಸ ಲಾರಿ ಸೊನ್ನೆ.

ಈಗ ಎರಡೂ ಸಾಲು ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯ ಮೇಲಿನ ಮಾಲು ಆಚೆ ಈಚೆ ಹತ್ತು ಪರ್ಸೆಂಟ್ ಅಷ್ಟೇ ಅಲ್ಲಾಡಿತು. ಚಾಕಣದ ಲಾರಿ ಫ್ಯಾಕ್ಟರಿಯಲ್ಲಿ ಆರ್ಡರು ಎರಡು, ಒಂದು, ಸೊನ್ನೆ ಆಯಿತು. ಇನ್ನೊಂದು ಗಮನಿಸಿ. ಮಾಲು ಬೀಳಲೇಬೇಕು ಅಂತ ಇಲ್ಲ. ಬೆಳೆಯುವುದು ನಿಂತರೂ ಸಾಕು, ಆರ್ಡರು ಎರಡರಿಂದ ಒಂದಕ್ಕೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. "ದೇಶ ಬೆಳೀತಾ ಇದೆ ಅಂತಾರೆ, ನಮಗೆ ಮಾತ್ರ ಯಾಕೆ ಓಟಿ (ಓವರ್‌ಟೈಮ್) ಇಲ್ಲ?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

2019-20ರಲ್ಲಿ ಆದದ್ದು ಇದೇ. ಆ ವರ್ಷ ಜಿಡಿಪಿ ಸುಮಾರು 4 ಪರ್ಸೆಂಟ್ ಬೆಳೆಯಿತು. ಕಾರುಗಳ ಮಾರಾಟ ಹೆಚ್ಚುಕಡಿಮೆ 18 ಪರ್ಸೆಂಟ್ ಬಿತ್ತು. ದೊಡ್ಡ ಲಾರಿ ಮತ್ತು ಬಸ್ಸುಗಳದ್ದು 42 ಪರ್ಸೆಂಟ್. ಅದಕ್ಕೆ ಬೇರೆ ಕಾರಣಗಳೂ ಸೇರಿದ್ದವು. 2018ರ ಜುಲೈಯಲ್ಲಿ ಸರ್ಕಾರ ಲಾರಿಗಳು ಹೊರಬಹುದಾದ ಭಾರದ ಮಿತಿ ಏರಿಸಿತು. 10 ಗಾಲಿಯ ಲಾರಿಯ ಒಟ್ಟು ತೂಕ 25 ಟನ್ ಇದ್ದದ್ದು 28.5 ಟನ್ ಆಯಿತು. ಒಂದೇ ರಾತ್ರಿಯಲ್ಲಿ ಹಳೆಯ ಲಾರಿಗಳೇ ಜಾಸ್ತಿ ಹೊರುವಂತಾದವು. ಹೊಸದು ಯಾರಿಗೆ ಬೇಕು? ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ದೊಡ್ಡ ಹಣಕಾಸು ಕಂಪನಿ ಐಎಲ್‌ಎಫ್‌ಎಸ್ ಸಾಲ ಕಟ್ಟಲಾಗದೆ ಕುಸಿಯಿತು. ಅದರ ಬೆನ್ನಿಗೆ ಲಾರಿಗೆ ಸಾಲ ಕೊಡುತ್ತಿದ್ದ ಫೈನಾನ್ಸ್ ಕಂಪನಿಗಳೂ ಕೈ ಬಿಗಿ ಮಾಡಿದವು.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಹೊಸ ಲಾರಿ ಕೊಳ್ಳದವನು ಹಳೆಯದನ್ನು ರಿಪೇರಿ ಮಾಡಿಸಲೇಬೇಕು. 2009ರಲ್ಲಿ ನನ್ನ ಗೆಳೆಯ ಒಬ್ಬ ಹೊಸ ಗಾಡಿಯ ಲೈನ್ ಬಿಟ್ಟು ಅದೇ ಕಂಪನಿಯ ಬಿಡಿಭಾಗದ ಗೋದಾಮಿಗೆ ವರ್ಗ ಕೇಳಿಕೊಂಡು ಹೋದ. ನಾವೆಲ್ಲ ನಕ್ಕೆವು. ಆ ವರ್ಷ ಓಟಿ ಸಿಕ್ಕದ್ದು ಅವನೊಬ್ಬನಿಗೇ. ಮಂದೀಯಲ್ಲಿ ಕೈತುಂಬ ಕೆಲಸ ಇರುವ ಜಾಗಗಳೂ ಇರುತ್ತವೆ: ಗ್ಯಾರೇಜು, ಸೆಕೆಂಡ್ ಹ್ಯಾಂಡ್ ಗಾಡಿ, ಬಂಗಾರದ ಸಾಲದ ಅಂಗಡಿ, ಬ್ಯಾಂಕಿನ ಸಾಲ ವಸೂಲಿ. ಸದಾಶಿವ ಪೇಠೆಯಲ್ಲಿ ಎಂಪಿಎಸ್‌ಸಿ (ಮಹಾರಾಷ್ಟ್ರದ ಸರ್ಕಾರಿ ನೌಕರಿಯ ಪರೀಕ್ಷೆ) ಓದುವ ಹುಡುಗರ ಅಭ್ಯಾಸಿಕೆಗಳಲ್ಲಂತೂ (ಓದುವ ಕೋಣೆ) ಕುರ್ಚಿ ಸಿಗುವುದಿಲ್ಲ.

ಸರ್ಕಾರಿ ನೌಕರಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಊರಲ್ಲಿ ಅಪ್ಪ ಅವ್ವ ದಿನಾ ಹೇಳುತ್ತಾರೆ. ಒಂದು ಮಾತ್ರ ಸೇರಿಸುತ್ತೇನೆ. 2008ರಲ್ಲಿ ಎಲ್ಲರ ಕೈ ಖಾಲಿ ಇದ್ದಾಗಲೇ ಕೇಂದ್ರ ನೌಕರರಿಗೆ ಆರನೇ ವೇತನ ಆಯೋಗದ ಬಾಕಿ ಹಣ ಬಂತು. ಆ ದುಡ್ಡಿನಲ್ಲಿ ಅವರು ಕೊಂಡ ಕಾರು, ಸ್ಕೂಟರ್ ನಮ್ಮಂಥವರ ಶಿಫ್ಟನ್ನೂ ಸ್ವಲ್ಪ ಉಳಿಸಿದವು.

ಮೂರನೆಯದು: ನಿಮ್ಮ ಸ್ವಿಚ್ ಎಲ್ಲಿದೆ?

ಪ್ರತಿ ಲೈನಿಗೂ ಒಂದು ಸ್ವಿಚ್ ಇರುತ್ತದೆ. ಅದು ಎಲ್ಲಿದೆ ಅಂತ ಗೊತ್ತಾದರೆ ದಿನಾ ಎಲ್ಲ ಸುದ್ದಿ ಓದಿ ಗಾಬರಿಯಾಗುವುದು ತಪ್ಪುತ್ತದೆ.

ಹಿಂಜವಡಿ, ಖರಾಡಿಯ ಐಟಿಯವರ ಸ್ವಿಚ್ ಇರುವುದು ಅಮೆರಿಕದ ಬಡ್ಡಿದರದಲ್ಲಿ. 2021-22ರಲ್ಲಿ ಅಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇತ್ತು. ದುಡ್ಡು ಸಸ್ತಾ, ಎಲ್ಲರಿಗೂ ಹೊಸ ಆ್ಯಪ್ ಬೇಕು, ಎಲ್ಲವೂ ಕ್ಲೌಡಿಗೆ ಹೋಗಬೇಕು. ಆ ಒಂದು ವರ್ಷದಲ್ಲಿ ಟಿಸಿಎಸ್ ಒಂದರಲ್ಲೇ ನಿವ್ವಳ 1,03,546 ಜನ ಹೆಚ್ಚಾದರು. 2022ರ ಮಾರ್ಚಿನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಏರಿಸತೊಡಗಿತು. 2023ರ ಜುಲೈ ಹೊತ್ತಿಗೆ ಅದು 5.25ರಿಂದ 5.5ಕ್ಕೆ ಮುಟ್ಟಿತು. 2023-24ರಲ್ಲಿ ಅದೇ ಟಿಸಿಎಸ್‌ನಲ್ಲಿ 13,249 ಜನ ಕಡಿಮೆಯಾದರು. ಈ ಎರಡು ವರ್ಷದಲ್ಲಿ ಪುಣೆಯಲ್ಲಿ ಏನೂ ಬದಲಾಗಿರಲಿಲ್ಲ. ಹಿಂಜವಡಿಯ ರಸ್ತೆಗಳೂ ಬದಲಾಗಿರಲಿಲ್ಲ, ಅದು ಬೇರೆ ಗೋಳು.

ಐಟಿಯ ಒಳಗೂ ಎರಡನೇ ಹೆಜ್ಜೆಯ ಪ್ರಶ್ನೆ ಕೇಳಿ. ಬ್ಯಾಂಕಿನ ದಿನದ ವ್ಯವಹಾರ ನಡೆಸುವ ಹಳೆಯ ಸಿಸ್ಟಮ್ ನೋಡಿಕೊಳ್ಳುವ ಕೆಲಸವನ್ನು ಯಾರೂ ಮುಂದಕ್ಕೆ ಹಾಕಲಾರರು. ಹೊಸ ಆ್ಯಪಿನ ಕೆಲಸವನ್ನು ಒಂದು ಇಮೇಲ್ ಬರೆದು ನಿಲ್ಲಿಸಬಹುದು. ಸಪೋರ್ಟ್ ಪ್ರಾಜೆಕ್ಟ್ ಬೋರು ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಮಂದೀ ಬಂದಾಗ ಬೆಂಚಿಗೆ (ಪ್ರಾಜೆಕ್ಟ್ ಇಲ್ಲದೆ ಕಾಯುವ ಪಟ್ಟಿಗೆ) ಮೊದಲು ಹೋಗುವವರು ಮೂಗು ಮುರಿದವರೇ.

ಕಟ್ಟಡದ ಕೆಲಸದವರ ಸ್ವಿಚ್ ಮುಂಬಯಿಯ ರಿಸರ್ವ್ ಬ್ಯಾಂಕಿನಲ್ಲಿದೆ. ಅಲ್ಲಿಯ ಹಣಕಾಸು ನೀತಿ ಸಮಿತಿ ಎರಡು ತಿಂಗಳಿಗೊಮ್ಮೆ ಕೂತು ರೆಪೊ ದರ (ಬ್ಯಾಂಕುಗಳಿಗೆ ಅದು ಕೊಡುವ ಸಾಲದ ಬಡ್ಡಿ) ಹೇಳುತ್ತದೆ. 2020ರ ಮೇ ತಿಂಗಳಿಂದ ಎರಡು ವರ್ಷ ಅದು 4 ಪರ್ಸೆಂಟ್ ಇತ್ತು. 2023ರ ಫೆಬ್ರವರಿ ಹೊತ್ತಿಗೆ 6.5 ಆಗಿತ್ತು. ಹೋಮ್ ಲೋನ್ ಕಂತು ಇದರ ಹಿಂದೆಯೇ ಏರುತ್ತದೆ, ಇಳಿಯುತ್ತದೆ. ಕೆಲಸದ ಮೇಲೆ ಪರಿಣಾಮ ಮಾತ್ರ ತಡವಾಗಿ ಬರುತ್ತದೆ, ಯಾಕೆಂದರೆ ಅರ್ಧ ಎದ್ದ ಟವರನ್ನು ಬಿಲ್ಡರ್ ಮುಗಿಸಲೇಬೇಕು. ಮೊದಲು ಖಾಲಿ ಕೂರುವವರು ಪಾಯ ತೋಡುವವರು. ಟೈಲ್ಸ್, ಪೇಂಟಿನವರಿಗೆ ಇನ್ನೂ ಒಂದೆರಡು ವರ್ಷದ ಕೆಲಸ ಇರುತ್ತದೆ. ಗಾರೆ ಕೆಲಸಕ್ಕೆ ಬರುವ ಯಾದಗಿರಿ, ಕಲಬುರ್ಗಿ ಮಂದಿಗೆ ನಾನು ಹೇಳುವುದು ಇಷ್ಟೇ: ಪಾಯದ ಕೆಲಸದ ಜೊತೆ ಕೊನೆಯ ಹಂತದ ಕೆಲಸ ಒಂದನ್ನೂ ಕಲಿಯಿರಿ.

ಔಷಧ ಕಂಪನಿಗಳಿಗೆ, ಪುಣೆಯಲ್ಲಿರಲಿ ಗೋವಾದ ವೆರ್ಣದಲ್ಲಿರಲಿ, ಹಿಂಜರಿತಕ್ಕಿಂತ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ತಪಾಸಣೆಯ ಭಯ ಜಾಸ್ತಿ.

ಗೋವಾದ ಗಣಿಯಲ್ಲಿ ಸ್ವಿಚ್ ಇದ್ದದ್ದು ಕೋರ್ಟಿನಲ್ಲಿ. 2012ರಲ್ಲಿ ಒಮ್ಮೆ ಗಣಿಗಾರಿಕೆ ನಿಂತಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಮಾರ್ಚ್ ಮಧ್ಯದಲ್ಲಿ ಎಲ್ಲ ಬಂದ್. ಅದಿರು ಸಾಗಿಸಲು ಸಾಲ ಮಾಡಿ ಟಿಪ್ಪರ್ ಕೊಂಡವರು, ಅದನ್ನು ಓಡಿಸುತ್ತಿದ್ದ ನಮ್ಮ ಕಡೆಯ ಡ್ರೈವರುಗಳು, ದಾರಿ ಬದಿಯ ಊಟದ ಹೋಟೆಲು, ಪಂಕ್ಚರ್ ಅಂಗಡಿ, ಎಲ್ಲರೂ ಒಟ್ಟಿಗೇ ಕೂತರು. ಆಗ ದೇಶದ ಜಿಡಿಪಿ ಚೆನ್ನಾಗಿಯೇ ಇತ್ತು. ಒಂದೇ ಕೋರ್ಟ್ ಆರ್ಡರಿನಿಂದ ನಿಲ್ಲಬಹುದಾದ ಲೈನಿನಲ್ಲಿ ಇರುವವರು ಸಾಲದ ಕಂತನ್ನು ಆದಷ್ಟು ಚಿಕ್ಕದಾಗಿ ಇಟ್ಟುಕೊಳ್ಳಬೇಕು.

ಹೋಟೆಲ್ ಧಂದೆ ಬಗ್ಗೆ ಮುಂಬಯಿ, ಪುಣೆಯ ಉಡುಪಿ ಹೋಟೆಲಿನವರಲ್ಲಿ ಹಳೆಯ ನಂಬಿಕೆ ಒಂದಿತ್ತು. ಮಂದೀ ಬಂದರೆ ದೊಡ್ಡ ರೆಸ್ಟೊರೆಂಟಿಗೆ ಹೋಗುವವನು ಇಡ್ಲಿ ವಡೆಗೆ ಇಳಿಯುತ್ತಾನೆ, ಹಾಗಾಗಿ ನಮಗೆ ಪೆಟ್ಟು ಕಡಿಮೆ ಅಂತ. 2008ರಲ್ಲೂ 2019ರಲ್ಲೂ ಅದು ನಿಜವೇ ಆಯಿತು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ಅದೇ ನಂಬಿಕೆ ಇಟ್ಟುಕೊಂಡವರು ಬಾಡಿಗೆ ಕಟ್ಟಲಾಗದೆ ಊರಿಗೆ ಹೋದರು. ಆ ಏಪ್ರಿಲ್-ಜೂನ್ ಮೂರು ತಿಂಗಳಲ್ಲಿ ಜಿಡಿಪಿ ಹೆಚ್ಚುಕಡಿಮೆ ಕಾಲುಭಾಗ ಕುಸಿದಾಗ ಏರಿದ್ದು ಕೃಷಿ ಒಂದೇ. ಹಳೆಯ ಮಂದೀಯ ಪಾಠ ಹೊಸ ಮಂದೀಗೆ ಪೂರ್ತಿ ಹೊಂದುವುದಿಲ್ಲ. ಅದಕ್ಕೇ ಹಾಳೆ ಬರೆಯಿರಿ ಅನ್ನುವುದು.

ತಗ್ಗೋ, ಕೊನೆಯೋ?

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಕೆಲಸ ಕಡಿಮೆಯಾದಾಗ ಅದು ತಾತ್ಕಾಲಿಕವೋ, ಇನ್ನು ವಾಪಸ್ ಬರುವುದೇ ಇಲ್ಲವೋ? 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಹೂಡಿದರು. ಇವತ್ತಲ್ಲ ನಾಳೆ ಗಿರಣಿಯ ಭೋಂಗಾ (ಸೈರನ್) ಕೂಗುತ್ತದೆ ಅಂತ ವರ್ಷಗಟ್ಟಲೆ ಕಾದವರಿದ್ದಾರೆ. ಬಟ್ಟೆ ನೇಯುವ ಧಂದೆ ಅಷ್ಟರಲ್ಲಿ ಭಿವಂಡಿ, ಇಚಲಕರಂಜಿಯ ಪವರ್‌ಲೂಮ್‌ಗಳಿಗೆ ಹೋಗಿತ್ತು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ ಈಗ ಮಾಲ್ ಆಗಿದೆ.

ಅದಕ್ಕೆ ಹೀಗೆ ಕೇಳಿಕೊಳ್ಳಿ. ಕೊನೆಯ ಗಿರಾಕಿ ಕೊಳ್ಳುವುದನ್ನು ಮುಂದಕ್ಕೆ ಹಾಕಿದ್ದಾನಾ, ಇಲ್ಲ ಅದೇ ಕೆಲಸವನ್ನು ಬೇರೆ ಯಾವುದರಿಂದಲೋ ಮಾಡಿಸಿಕೊಳ್ಳುತ್ತಿದ್ದಾನಾ? ಮುಂದಕ್ಕೆ ಹಾಕಿದ್ದರೆ ಕಾಯಬಹುದು. ಬೇರೆ ದಾರಿ ಹಿಡಿದಿದ್ದರೆ ಕಾದು ಫಲವಿಲ್ಲ. ಪುಣೆ ಪಕ್ಕದ ಆಕುರ್ಡಿಯ ಬಜಾಜ್ ಕಾರ್ಖಾನೆಯನ್ನೇ ನೋಡಿ. ಒಂದು ಕಾಲದಲ್ಲಿ ಚೇತಕ್ ಸ್ಕೂಟರ್ ಹೊರಬರುತ್ತಿದ್ದ ಜಾಗದಲ್ಲಿ 2022ರಿಂದ ಎಲೆಕ್ಟ್ರಿಕ್ ಚೇತಕ್ ತಯಾರಾಗುತ್ತಿದೆ. ಹೆಸರು ಅದೇ, ಊರು ಅದೇ. ಆದರೆ ಅದರಲ್ಲಿ ಪಿಸ್ಟನ್ ಇಲ್ಲ, ಕಾರ್ಬೊರೇಟರ್ ಇಲ್ಲ, ಸೈಲೆನ್ಸರ್ ಇಲ್ಲ. ಪಿಸ್ಟನ್ ಮಾಡುವ ಶಾಪಿನಲ್ಲಿರುವವನು ಮುಂದಿನ ತೇಜಿಗೆ (ಧಂದೆ ಏರುವ ಕಾಲಕ್ಕೆ) ಕಾಯುವಾಗ ಇದನ್ನು ನೆನಪಿಡಬೇಕು. ಬ್ರೇಕ್, ಸಸ್ಪೆನ್ಷನ್, ಸೀಟು, ಟೈರು ಮಾಡುವವರು ಅಷ್ಟು ಹೆದರಬೇಕಿಲ್ಲ. ಎಲೆಕ್ಟ್ರಿಕ್ ಗಾಡಿಯನ್ನೂ ನಿಲ್ಲಿಸಲು ಬ್ರೇಕ್ ಬೇಕು.

ಗೇಟಿನ ಒಳಗಿನ ಸೂಚನೆಗಳು

ಹೊರಗಿನ ಅಂಕಿಅಂಶ ನೋಡಬೇಡಿ ಅನ್ನುವುದಿಲ್ಲ. ಪ್ರತಿ ತಿಂಗಳ ಮೊದಲ ದಿನ ಗಾಡಿ ಕಂಪನಿಗಳು ಹಿಂದಿನ ತಿಂಗಳ ಮಾರಾಟ ಹೇಳುತ್ತವೆ. ಜಿಎಸ್‌ಟಿ ಸಂಗ್ರಹವೂ ಗೊತ್ತಾಗುತ್ತದೆ. ಆ ವಾರದಲ್ಲೇ ಪಿಎಂಐ (ಕಂಪನಿಗಳ ಖರೀದಿ ಮ್ಯಾನೇಜರುಗಳನ್ನು ಕೇಳಿ ಮಾಡುವ ಸೂಚ್ಯಂಕ) ಬರುತ್ತದೆ: 50ಕ್ಕಿಂತ ಮೇಲಿದ್ದರೆ ಕಾರ್ಖಾನೆಗಳ ಕೆಲಸ ಏರುತ್ತಿದೆ, ಕೆಳಗಿದ್ದರೆ ಇಳಿಯುತ್ತಿದೆ. ಆದರೆ ಇವೆಲ್ಲಕ್ಕಿಂತ ಮೊದಲು ಸುದ್ದಿ ಕೊಡುವವರು ನಿಮ್ಮ ಗೇಟಿನ ಒಳಗೇ ಇದ್ದಾರೆ.

2019ರ ಜುಲೈ. ನಮ್ಮ ಕ್ಯಾಂಟೀನ್ ನಡೆಸುತ್ತಿದ್ದವರು ಕುಂದಾಪುರ ಕಡೆಯ ಶೆಟ್ರು. ರಾತ್ರಿ ಊಟಕ್ಕೆ ಕೂತಿದ್ದೆ. ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನಿಮ್ಮಲ್ಲಿ ಆರ್ಡರ್ ಕಮ್ಮಿ ಆಯ್ತಾ ಮಾರಾಯ್ರೆ?"

"ಇಲ್ಲಲ್ರೀ ಶೆಟ್ರ, ಯಾಕ್ರೀ?"

"ರಾತ್ರಿ ಪ್ಲೇಟ್ 180 ಇದ್ದದ್ದು ಈ ವಾರ 110. ನಾನು ಎರಡು ಮೂಟೆ ಅಕ್ಕಿ ವಾಪಸ್ ಕಳಿಸಿದೆ."

ನಾನು ಪ್ಲಾನಿಂಗಿನವನು! ನನ್ನ ಕಂಪ್ಯೂಟರಿನಲ್ಲಿ ಆರ್ಡರ್ ಇನ್ನೂ ಹಾಗೇ ಇತ್ತು. ಕಡಿಮೆಯಾದ ಎಪ್ಪತ್ತು ಪ್ಲೇಟು ಕಾಂಟ್ರ್ಯಾಕ್ಟ್ ಹುಡುಗರದ್ದು. ಅವರ ಗೇಟ್ ಪಾಸ್ ಆ ತಿಂಗಳು ನವೀಕರಣ ಆಗಿರಲಿಲ್ಲ. ಮೂರು ವಾರದ ನಂತರ ಗಿರಾಕಿಯ ಹೊಸ ಶೆಡ್ಯೂಲ್ ಬಂತು, ನನ್ನ ಕಂಪ್ಯೂಟರಿಗೂ ವಿಷಯ ತಿಳಿಯಿತು. ಆಗಸ್ಟಿನಲ್ಲಿ ತಿಂಗಳಿಗೆ ಆರು ದಿನ ಕಂಪನಿ ಬಂದ್. ಅವತ್ತಿನಿಂದ ನಾನು ಊಟಕ್ಕೆ ಹೋದಾಗ ಪ್ಲೇಟ್ ಎಣಿಸುತ್ತೇನೆ.

ಕಾರ್ಖಾನೆಯಲ್ಲಿ ಕಡಿತ ಬರುವ ಸಾಲು ಹೆಚ್ಚುಕಡಿಮೆ ಒಂದೇ. ಮೊದಲು ಓಟಿ. ಆಮೇಲೆ ಮೂರನೇ ಶಿಫ್ಟ್. ಆಮೇಲೆ ಕಾಂಟ್ರ್ಯಾಕ್ಟ್ ಮತ್ತು ಟ್ರೇನಿಗಳು. ಅದಾದ ಮೇಲೆ ಕಂಪನಿ ಬಂದ್ ಇಡುವ ದಿನಗಳು. ಕಾಯಂ ಮಂದಿಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ನೋಟಿಸ್ ಬರುವುದು ಕೊನೆಯಲ್ಲಿ. ನೀವು ಯಾವ ಮೆಟ್ಟಿಲಿನ ಮೇಲಿದ್ದೀರಿ ನೋಡಿಕೊಳ್ಳಿ. ನಿಮಗಿಂತ ಎರಡು ಮೆಟ್ಟಿಲು ಕೆಳಗೆ ಕಡಿತ ಶುರುವಾದಾಗಲೇ ಬಯೋಡೇಟಾ ಹೊಸದು ಮಾಡಿ.

ಐಟಿಯಲ್ಲಿ ಸೂಚನೆ ಬೇರೆ. ಕಾಲೇಜಿನಲ್ಲಿ ಆಯ್ಕೆಯಾದವರ ಸೇರುವ ದಿನಾಂಕ ಮುಂದಕ್ಕೆ ಹೋಗುತ್ತದೆ. ಬಿಟ್ಟುಹೋದವರ ಜಾಗಕ್ಕೆ ಯಾರೂ ಬರುವುದಿಲ್ಲ. ವೇರಿಯಬಲ್ ಪೇ (ಪಗಾರದಲ್ಲಿ ಏರಿಳಿಯುವ ಭಾಗ) ಅರ್ಧವಾಗುತ್ತದೆ. ಆಮೇಲೆ ಬೆಂಚಿನ ದಿನ ಎಣಿಸಲು ಶುರು ಮಾಡುತ್ತಾರೆ. ಕಟ್ಟಡದವರಿಗೆ ಸೂಚನೆ ಬೇಕಾದರೆ ಬೆಳಿಗ್ಗೆ ಮಜೂರ್ ಅಡ್ಡಾಕ್ಕೆ (ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಜಾಗ) ಹೋಗಿ ನಿಲ್ಲಿ. 9 ಗಂಟೆಗೆ ಖಾಲಿಯಾದರೆ ತೇಜಿ. 11ಕ್ಕೂ ಡಬ್ಬಿ ಹಿಡಿದು ಮಂದಿ ನಿಂತಿದ್ದರೆ ಮಂದೀ.

ತೇಜಿಯಲ್ಲಿ ಮಾಡಬೇಕಾದ್ದು

ಮಂದೀಯಲ್ಲಿ ಯಾರೂ ದೊಡ್ಡ ತಪ್ಪು ಮಾಡುವುದಿಲ್ಲ, ಮಾಡಲು ದುಡ್ಡೇ ಇರುವುದಿಲ್ಲ. ತಪ್ಪೆಲ್ಲ ತೇಜಿಯಲ್ಲಿ ಆಗುತ್ತದೆ. ನಮ್ಮ ಲೈನಿನ ದೊಡ್ಡ ತಪ್ಪು ಓಟಿ ಸೇರಿಸಿ ಕಂತು ಲೆಕ್ಕ ಹಾಕುವುದು. ಓಟಿಗೆ ಡಬಲ್ ಪಗಾರ ಸಿಗುತ್ತದೆ. ತೇಜಿಯಲ್ಲಿ ಕೈಗೆ ಬರುವುದರಲ್ಲಿ ಮೂರರಲ್ಲೊಂದು ಭಾಗ ಅದೇ ಆಗಿಬಿಡುತ್ತದೆ. ಆ ಪೇ ಸ್ಲಿಪ್ ತೋರಿಸಿ ಮೋಶಿ, ಚಿಖಲಿ ಕಡೆ ಫ್ಲ್ಯಾಟ್ ಬುಕ್ ಮಾಡುತ್ತಾರೆ. ಓಟಿ ನಿಂತ ತಿಂಗಳು ಹೆಂಡತಿಯ ಬಂಗಾರ ಸಾಲದ ಅಂಗಡಿಗೆ ಹೋಗುತ್ತದೆ. ಓಟಿ, ಬೋನಸ್, ವೇರಿಯಬಲ್ ಎಲ್ಲ ತೆಗೆದು ಉಳಿಯುವ ಪಗಾರದ ಮೇಲೆ ಕಂತು ಕೂರಿಸಿ. ಬ್ಯಾಂಕಿನವರು ಜಾಸ್ತಿ ಕೊಡುತ್ತೇವೆ ಅನ್ನುತ್ತಾರೆ. ಅವರ ಮಾತು ಕೇಳಬೇಡಿ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಎರಡು ಹಾಳೆ ಬರೆದು ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ಬೇರೆ ಬೇರೆ ಐಟಿ ಕಂಪನಿ, ಇಬ್ಬರ ಗಿರಾಕಿಯೂ ಅಮೆರಿಕದ ಬ್ಯಾಂಕ್ ಆಗಿದ್ದರೆ, ಅದು ಎರಡು ಪಗಾರ ಅಲ್ಲ, ಒಂದೇ ದೊಡ್ಡ ಪಗಾರ. ಅಂಥವರು ಆರು ತಿಂಗಳ ಮನೆ ಖರ್ಚು ಮತ್ತು ಕಂತು ಬ್ಯಾಂಕಿನಲ್ಲಿ ಇಟ್ಟುಕೊಂಡೇ ಮುಂದಿನ ಮಾತು ಆಡಬೇಕು. ನಮ್ಮನೆಯಲ್ಲಿ ನಾನು ಲಾರಿ ಪಾರ್ಟ್, ನನ್ನ ಹೆಂಡತಿ ಚಿಂಚವಡದ ಆಸ್ಪತ್ರೆಯೊಂದರ ಬಿಲ್ಲಿಂಗಿನಲ್ಲಿ. 2019 ದಾಟಿದ್ದು ಅವಳ ಪಗಾರದಲ್ಲೇ. ಲೆಕ್ಕ ಹಾಕಿ ಮಾಡಿಕೊಂಡ ಮದುವೆಯಂತೂ ಅಲ್ಲ.

ಇನ್ನು ಕಲಿಯುವ ವಿಷಯ. ಓಟಿಯಲ್ಲಿ ಮುಳುಗಿದವನಿಗೆ ಕಲಿಯಲು ಹೊತ್ತಿರುವುದಿಲ್ಲ ನಿಜ. ಆದರೂ ಒಂದು ಲೈನಿನಿಂದ ಇನ್ನೊಂದಕ್ಕೆ ಹಾರಬಲ್ಲ ಕೆಲಸ ಯಾವುದು ಅಂತ ನೋಡಿ. ಫೋರ್ಜಿಂಗ್ ಪ್ರೆಸ್ ಓಡಿಸುವವನು ಎಷ್ಟೇ ಹುಷಾರಿದ್ದರೂ ಅವನಿಗೆ ಫೋರ್ಜಿಂಗ್ ಶಾಪೇ ಬೇಕು. ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್, ಪಿಎಲ್‌ಸಿ (ಮಶಿನ್ ನಡೆಸುವ ಕಂಪ್ಯೂಟರ್) ಗೊತ್ತಿರುವವನು, ಕ್ವಾಲಿಟಿ ಅಳತೆ ಮಾಡುವವನು ಬಿಸ್ಕತ್ ಫ್ಯಾಕ್ಟರಿಗೂ ಹೋಗಬಲ್ಲ, ಔಷಧ ಪ್ಯಾಕಿಂಗಿಗೂ ಹೋಗಬಲ್ಲ. 2008ರಲ್ಲಿ ಉಳಿದ ನಾವು ನಾಲ್ವರಲ್ಲಿ ಇಬ್ಬರು ಮೆಂಟೆನೆನ್ಸಿನವರು. ಮಶಿನ್ ನಿಂತಿದ್ದರೂ ಅದನ್ನು ನೋಡಿಕೊಳ್ಳಲು ಒಬ್ಬ ಬೇಕಲ್ಲ.

ಕೆಲಸ ಹೋದ ದಿನದ ಕಾಗದಪತ್ರ

ಎಚ್‌ಆರ್ ಕರೆದು "ನೀವೇ ರಾಜೀನಾಮೆ ಬರೆದುಕೊಡಿ, ರೆಕಾರ್ಡ್ ಚೆನ್ನಾಗಿರುತ್ತೆ" ಅಂದರೆ ಅಲ್ಲೇ ಕೂತು ಸಹಿ ಹಾಕಬೇಡಿ. ಒಂದು ದಿನ ಟೈಮ್ ಕೇಳಿ. ಕಾನೂನಿನ ಲೆಕ್ಕದಲ್ಲಿ ಕಾರ್ಮಿಕ ಅನ್ನಿಸಿಕೊಳ್ಳುವವರನ್ನು ಕಂಪನಿಯೇ ಕೆಲಸದಿಂದ ತೆಗೆದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರದಂತೆ ಪರಿಹಾರ ಕೊಡಬೇಕು. ನೋಟಿಸ್ ಅವಧಿಯೂ ಇರುತ್ತದೆ. ನೀವಾಗಿ ರಾಜೀನಾಮೆ ಕೊಟ್ಟರೆ ಈ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಕಾಯಂ ನೌಕರರಿಗೆ ಐದು ವರ್ಷ ತುಂಬಿದ್ದರೆ ಗ್ರ್ಯಾಚುಯಿಟಿ ಬೇರೆ ಬರಬೇಕು, ಅದು ರಾಜೀನಾಮೆ ಕೊಟ್ಟವರಿಗೂ ಸಿಗುತ್ತದೆ.

ಪಿಎಫ್ ದುಡ್ಡು ಗಡಿಬಿಡಿಯಲ್ಲಿ ತೆಗೆಯಬೇಡಿ. ಹೊಸ ಕೆಲಸ ಸಿಕ್ಕಾಗ ಅದೇ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಕೊಟ್ಟರೆ ಖಾತೆ ಮುಂದುವರಿಯುತ್ತದೆ. ಕಂಪನಿ ಬಿಡುವ ಮೊದಲು ಪಾಸ್‌ಬುಕ್ ತೆರೆದು ಎಲ್ಲ ತಿಂಗಳ ಹಣ ಬಿದ್ದಿದೆಯಾ ನೋಡಿ. ಬಿಟ್ಟ ದಿನಾಂಕ ನಮೂದಾಗಿದೆಯಾ ಅಂತಲೂ ನೋಡಿ. ಇಎಸ್‌ಐ ಇದ್ದವರು ಬ್ರ್ಯಾಂಚ್ ಆಫೀಸಿಗೆ ಹೋಗಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಗ್ಗೆ ಕೇಳಿ. ಕೆಲಸ ಹೋದವರಿಗೆ ಸರಾಸರಿ ದಿನದ ಪಗಾರದ ಅರ್ಧದಷ್ಟು, ಗರಿಷ್ಠ 90 ದಿನಕ್ಕೆ, ಕೊಡುವ ಯೋಜನೆ ಅದು. ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ, ಹಾಗಾಗಿ ಕೌಂಟರಿನಲ್ಲೇ ಕೇಳುವುದು ಒಳ್ಳೆಯದು. ಕಟ್ಟಡದ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅದನ್ನು ತೇಜಿ ಇರುವಾಗಲೇ ಮಾಡಿಸಿ. ಮಂದೀಯಲ್ಲಿ 90 ದಿನದ ಸರ್ಟಿಫಿಕೇಟ್ ಬರೆದುಕೊಡುವ ಮುಕಾದಮ್ (ಕೂಲಿಯವರ ಮೇಸ್ತ್ರಿ) ಫೋನ್ ಎತ್ತುವುದಿಲ್ಲ.

ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಹಿಂದಿನ ವರ್ಷಗಳ ಫಾರ್ಮ್ 16 (ಪಗಾರದಲ್ಲಿ ಕಡಿದ ತೆರಿಗೆಯ ಪತ್ರ), ರಿಲೀವಿಂಗ್ ಲೆಟರ್ ಮೂರನ್ನೂ ಕಂಪನಿಯ ಇಮೇಲ್ ಬಂದ್ ಆಗುವ ಮೊದಲೇ ನಿಮ್ಮ ಸ್ವಂತ ಮೇಲ್‌ಗೆ ತರಿಸಿಕೊಳ್ಳಿ. ಕಂಪನಿಯ ಮೆಡಿಕಲ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಸ್ವಂತದ್ದೊಂದು ಪಾಲಿಸಿ ಮೊದಲೇ ಇರಲಿ. ಮತ್ತೆ ಕ್ಯಾಂಟೀನಿನ ಬಾಕಿ ತೀರಿಸಿ ಬನ್ನಿ. 2009ರ ಜನವರಿಯಲ್ಲಿ ನಮ್ಮ ಜೊತೆಯ ಹುಡುಗನೊಬ್ಬನಿಗೆ ರಾಂಜಣಗಾವ್‌ನಲ್ಲಿ ಹೊಸ ಕೆಲಸ ಹುಡುಕಿ ಕೊಟ್ಟದ್ದು ಕ್ಯಾಂಟೀನ್ ಶೆಟ್ರೇ. ಅಲ್ಲಿಯ ಕ್ಯಾಂಟೀನ್ ಅವರ ಭಾವನದ್ದು, ಆ ತಿಂಗಳು ಅಲ್ಲಿ ಪ್ಲೇಟ್ ಜಾಸ್ತಿ ಆಗಿತ್ತಂತೆ.